ಮಾಂಡವಿ ದಂಡೆಯಲ್ಲಿ ಗಾಡಿಗಳ ಕಾಟವಿಲ್ಲದ ಸೈಕಲ್ ರಸ್ತೆ ಇದೆಯಾ?

ಪ್ರಶ್ನೆ: ನಾನು ಧಾರವಾಡದವಳು. ಹನ್ನೊಂದು ವರ್ಷದಿಂದ ಪಣಜಿಯಲ್ಲಿದ್ದೇನೆ, ಬ್ಯಾಂಕ್ ಕೆಲಸ. ವಯಸ್ಸು 44. ಕಾಲೇಜಿಗೆ ಸೈಕಲ್‌ನಲ್ಲೇ ಹೋಗುತ್ತಿದ್ದೆ, ಮದುವೆ ಆದಮೇಲೆ ಬಿಟ್ಟುಹೋಯ್ತು. ಹೋದ ವರ್ಷ ಆಸೆಪಟ್ಟು ಒಂದು ರೋಡ್ ಬೈಕ್ ತಗೊಂಡೆ. ಮೂರು ತಿಂಗಳ ಹಿಂದೆ ಒಂದು ಬಸ್ಸು ಪಕ್ಕದಲ್ಲೇ ಹಾದುಹೋಯ್ತು. ಅದರ ಗಾಳಿಗೇ ಹ್ಯಾಂಡಲ್ ಅಲ್ಲಾಡಿತು. ಅವತ್ತಿನಿಂದ ಸೈಕಲ್ ಬಾಲ್ಕನಿಯಲ್ಲಿದೆ. ವಿದೇಶದ ವಿಡಿಯೊಗಳಲ್ಲಿ ನದಿ ಪಕ್ಕ ಸೈಕಲ್‌ಗೆಂದೇ ರಸ್ತೆ ಇರುತ್ತೆ, ಒಂದು ಕಾರೂ ಕಾಣಲ್ಲ. ಮಾಂಡವಿ ಕಣಿವೆಯಲ್ಲಿ ಅಂಥದ್ದು ಸಿಗುತ್ತಾ? ಒಬ್ಬರು ನದಿಯ ಮೇಲ್ಭಾಗದ ಸತ್ತರಿ ತಾಲ್ಲೂಕಿನ ಕಡೆ ಹೋಗಿ ಅಂತಾರೆ. ಇನ್ನೊಬ್ಬರು ಅಲ್ಲೆಲ್ಲ ಗಣಿ ಲಾರಿ ಅಂತಾರೆ. ನನ್ನ ಮೈದುನ, ‘ವೈನಿ, ರಸ್ತೆಯ ಬಲಗಡೆ ಹೊಡೀರಿ, ಎದುರು ಬರೋ ಗಾಡಿ ಕಾಣಸ್ತದ’ ಅಂತಾನೆ. ನನಗೆ ಖಾಲಿ ರಸ್ತೆ ಬೇಕು. ಆದರೆ ಖಾಲಿ ರಸ್ತೆಯಲ್ಲಿ ಒಬ್ಬಳೇ ಹೋಗೋಕೂ ಹೆದರಿಕೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಮೂರು ಸಾಲನ್ನು ನಾನು ಎರಡು ಸಲ ಓದಿದೆ. ಗಾಡಿ ಇದ್ದರೂ ಹೆದರಿಕೆ, ಇಲ್ಲದಿದ್ದರೂ ಹೆದರಿಕೆ. ಗೋವಾದಲ್ಲಿ ಹದಿನೆಂಟು ವರ್ಷದಿಂದ ದೊಡ್ಡವರಿಗೆ ಸೈಕಲ್ ಸವಾರಿ ಕಲಿಸುತ್ತಿದ್ದೇನೆ, ಗುಂಪು ಕಟ್ಟಿಕೊಂಡು ಸುತ್ತಿಸುತ್ತೇನೆ. ಈ ಮಾತನ್ನು ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ, ಹೆಂಗಸರು ಹೇಳುತ್ತಾರೆ. ಎರಡೂ ಹೆದರಿಕೆ ಸರಿಯಾದದ್ದೇ. ಅದಕ್ಕೇ ಎರಡಕ್ಕೂ ಉತ್ತರ ಕೊಡುತ್ತೇನೆ.

ಮೊದಲು ಬಸ್ಸಿನ ವಿಷಯ. ಅಷ್ಟು ದೊಡ್ಡ ಗಾಡಿ ಪಕ್ಕದಲ್ಲಿ ವೇಗವಾಗಿ ಹೋದಾಗ ಅದರ ಮುಂಭಾಗ ಗಾಳಿಯನ್ನು ನಿಮ್ಮ ಕಡೆ ತಳ್ಳುತ್ತದೆ, ಹಿಂಭಾಗ ಒಳಕ್ಕೆ ಎಳೆಯುತ್ತದೆ. ಹಗುರ ಸೈಕಲ್ ಆದ್ದರಿಂದ ನಿಮಗೆ ಅದು ಜಾಸ್ತಿ ಗೊತ್ತಾಯಿತು. ನಿಮ್ಮ ಸವಾರಿಯಲ್ಲಿ ತಪ್ಪಿತ್ತು ಅಂತ ಅಂದುಕೊಳ್ಳಬೇಡಿ. ಆದರೆ ನೀವು ಡಾಂಬರಿನ ತೀರಾ ಅಂಚಿನಲ್ಲಿ ಹೋಗುತ್ತಿದ್ದಿರಾ? ಬಹುತೇಕ ಹೊಸಬರು ಹಾಗೇ ಮಾಡುತ್ತಾರೆ. ಅಂಚಿಗೆ ಅಂಟಿಕೊಂಡರೆ ಹಿಂದಿನ ಡ್ರೈವರ್‌ಗೆ ‘ಜಾಗ ಇದೆ, ನುಗ್ಗಬಹುದು’ ಅನ್ನಿಸುತ್ತದೆ. ಅಂಚಿನಿಂದ ಮುಕ್ಕಾಲು ಮೀಟರ್ ಒಳಗೆ ಹೋದರೆ ಅವನು ಒಂದು ಕ್ಷಣ ಯೋಚಿಸಿ, ಸ್ಟೇರಿಂಗ್ ತಿರುಗಿಸಿಯೇ ದಾಟಬೇಕಾಗುತ್ತದೆ. ಎಡಕ್ಕೆ ಜಾರಿಕೊಳ್ಳಲು ನಿಮಗೂ ಸ್ವಲ್ಪ ಜಾಗ ಉಳಿಯುತ್ತದೆ.

ಇನ್ನು ನಿಮ್ಮ ಮೈದುನನ ಸಲಹೆ. ಪ್ರೀತಿಯಿಂದ ಹೇಳಿದ್ದಾರೆ, ಆದರೆ ದಯವಿಟ್ಟು ಕೇಳಬೇಡಿ. ಎದುರಿನ ಗಾಡಿ ನೋಡಿಕೊಂಡು ಬಲಗಡೆ ಹೋಗುವ ಪದ್ಧತಿ ನಡೆಯುವವರಿಗೆ. ಸೈಕಲ್‌ಗೆ ಲೆಕ್ಕ ಬೇರೆ. ಕಾರು ಗಂಟೆಗೆ 50 ಕಿ.ಮೀ., ನೀವು 20 ಅಂತ ಇಟ್ಟುಕೊಳ್ಳಿ. ಹಿಂದಿನಿಂದ ಬಂದರೆ ನಿಮ್ಮಿಬ್ಬರ ನಡುವಿನ ವೇಗ 30. ಎದುರಿನಿಂದ ಬಂದರೆ 70. ತಿರುವಿನಲ್ಲಿ ನೂರು ಮೀಟರ್ ದೂರದಲ್ಲಿ ಒಬ್ಬರಿಗೊಬ್ಬರು ಕಂಡಿರಿ ಅಂದರೆ, ಮೊದಲನೆಯದರಲ್ಲಿ ಸಿಗುವ ಸಮಯ 12 ಸೆಕೆಂಡ್, ಎರಡನೆಯದರಲ್ಲಿ ಐದು. ಬಡಿದರೆ ಹೊಡೆತದ ಶಕ್ತಿ ಐದು ಪಟ್ಟಿಗಿಂತ ಜಾಸ್ತಿ. ಅದೂ ಅಲ್ಲದೆ ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಎಡಕ್ಕೆ ತಿರುಗುವವನು ಬಲಗಡೆ ಮಾತ್ರ ನೋಡುತ್ತಾನೆ. ರಾಂಗ್ ಸೈಡಿನಲ್ಲಿ ಬರುವ ನೀವು ಅವನ ಲೆಕ್ಕದಲ್ಲೇ ಇರುವುದಿಲ್ಲ. ಹಿಂದೆ ಏನು ಬರುತ್ತಿದೆ ಅಂತ ಕಾಣಬೇಕು ಅನ್ನುವ ಆಸೆ ನ್ಯಾಯವಾದದ್ದೇ. ಅದಕ್ಕೆ ಹ್ಯಾಂಡಲ್ ತುದಿಗೆ ಒಂದು ಪುಟ್ಟ ಕನ್ನಡಿ ಹಾಕಿಸಿ. ನನ್ನ ಸೈಕಲ್‌ನಲ್ಲೂ ಇದೆ.

ಈಗ ನದಿಗೆ ಬರೋಣ.

ಆ ವಿಡಿಯೊಗಳ ರಸ್ತೆ ಇಲ್ಲಿ ಯಾಕಿಲ್ಲ ಅನ್ನುವುದಕ್ಕೆ ಒಂದು ಕಾರಣ ಇದೆ. ಯುರೋಪಿನ ಡ್ಯಾನ್ಯೂಬ್ ದಂಡೆಯ ಹಾದಿ ಎಷ್ಟೋ ಕಡೆ ಹಳೇ ಕಾಲದ ಎಳೆದಾರಿ. ದೋಣಿಗೆ ಹಗ್ಗ ಕಟ್ಟಿ ಕುದುರೆಗಳು ದಂಡೆಯ ಮೇಲೆ ನಡೆದು ಎಳೆಯುತ್ತಿದ್ದವು. ಕುದುರೆ ಹೋಯಿತು, ಸಮತಟ್ಟಾದ ದಾರಿ ಉಳಿಯಿತು, ಸೈಕಲ್ ಬಂತು. ಮಾಂಡವಿಯಲ್ಲಿ ದೋಣಿ ಎಳೆಯುವ ಅಗತ್ಯವೇ ಇರಲಿಲ್ಲ. ಇಲ್ಲಿ ಸಮುದ್ರವೇ ಆ ಕೆಲಸ ಮಾಡುತ್ತಿತ್ತು. ಉಬ್ಬರದ ಜೊತೆ ದೋಣಿ ಒಳನಾಡಿಗೆ ಹೋಗುತ್ತಿತ್ತು, ಇಳಿತದ ಜೊತೆ ವಾಪಸ್ ಬರುತ್ತಿತ್ತು. ದಂಡೆಯಲ್ಲಿ ಕಾಂಡ್ಲಾ ಗಿಡ, ಕೆಸರು, ಆಮೇಲೆ ಖಾಜನ್ ಗದ್ದೆ. ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆ ನೋಡಿದ್ದೀರಲ್ಲ, ಕಗ್ಗ ಭತ್ತ ಬೆಳೆಯುತ್ತಾರಲ್ಲ, ಖಾಜನ್ ಅದರ ಅಕ್ಕತಂಗಿ. ಉಪ್ಪುನೀರು ಒಳಗೆ ಬರದ ಹಾಗೆ ಮಣ್ಣಿನ ಒಡ್ಡು, ಅದಕ್ಕೊಂದು ತೂಬು. ಇಲ್ಲಿಯವರು ತೂಬಿಗೆ ಮಾನಸ್ ಅನ್ನುತ್ತಾರೆ, ಒಡ್ಡಿಗೆ ಬಾಂಧ್. ಮ್ಯಾಪಿನಲ್ಲಿ ಈ ಒಡ್ಡುಗಳು ಸೈಕಲ್‌ಗೆಂದೇ ಮಾಡಿದ ದಾರಿಯ ಹಾಗೆ ಕಾಣುತ್ತವೆ. ದಯವಿಟ್ಟು ಇಳಿಯಬೇಡಿ. ಮಳೆಗಾಲ ಮುಗಿದ ಮೇಲೂ ಒಳಗೆ ಮೆತ್ತಗಿರುತ್ತವೆ, ಏಡಿಗಳು ತೂತು ಕೊರೆದಿರುತ್ತವೆ. ಒಂದು ಕಡೆ ಒಡೆದರೆ ಇಡೀ ಊರಿನ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ.

ಹಾಗಾದರೆ ಗಾಡಿಗಳಿಲ್ಲದ ರಸ್ತೆ ಹುಡುಕುವುದು ಹೇಗೆ? ನಾನು ಕೇಳುವುದು ಒಂದೇ ಪ್ರಶ್ನೆ: ಈ ರಸ್ತೆಯಲ್ಲಿ ಹಾದುಹೋಗುವವರು ಯಾರು? ಆ ಊರಿನವರು ಮಾತ್ರ ಓಡಾಡುವ ರಸ್ತೆ ಶಾಂತವಾಗಿರುತ್ತದೆ. ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ ಹೋಗುವವರಿಗೆ ಅಡ್ಡದಾರಿ ಆಗಿದ್ದರೆ, ಎಷ್ಟೇ ಕಿರಿದಾಗಿದ್ದರೂ, ಎಷ್ಟೇ ಹಸಿರಾಗಿದ್ದರೂ ಶಾಂತವಾಗಿರುವುದಿಲ್ಲ. ನದಿ ಕಣಿವೆಯಲ್ಲಿ ಇದು ಎಲ್ಲದಕ್ಕಿಂತ ಮುಖ್ಯ. ಏರು ಕಮ್ಮಿ ಇರುವ ಕಡೆಯೇ ಎಲ್ಲರೂ ರಸ್ತೆ ಮಾಡುತ್ತಾರೆ, ಅಲ್ವಾ? ಜೊತೆಗೆ ಮಾಂಡವಿಯ ಮಧ್ಯಭಾಗದಲ್ಲಿ ಇನ್ನೊಂದು ತೊಡಕು. ಕಬ್ಬಿಣದ ಅದಿರು ಗಣಿಯಿಂದ ಲಾರಿಯಲ್ಲಿ ನದಿ ದಂಡೆಗೆ ಬಂದು, ಅಲ್ಲಿ ಬಾರ್ಜ್ ಅನ್ನುವ ದೊಡ್ಡ ಸರಕು ದೋಣಿ ಹತ್ತಿ ಮುರ್ಮಗೋವಾ ಬಂದರಿಗೆ ಹೋಗುತ್ತದೆ. ಅಂದರೆ ‘ನದಿಗೆ ಹೋಗಿ ಮುಗಿಯುವ ರಸ್ತೆ’ ಅಂತ ನೀವು ಖುಷಿಪಟ್ಟದ್ದು ಲಾರಿಗಳ ರಸ್ತೆಯೇ ಆಗಿರಬಹುದು. 2012ರಲ್ಲಿ ಗಣಿಗಾರಿಕೆ ನಿಂತಿತು, ನಡುವೆ ಶುರುವಾಗಿ 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಮತ್ತೆ ನಿಂತಿತು. ಈಗ ಹರಾಜಾದ ಗಣಿಗಳಲ್ಲಿ ಕೆಲಸ ಮತ್ತೆ ಶುರುವಾಗಿದೆ. ಬಿಚೋಲಿ, ಉಸಗಾಂವ್ ಕಡೆಯ ರಸ್ತೆಗಳ ಬಗ್ಗೆ ಐದು ವರ್ಷದ ಹಿಂದೆ ಯಾರೋ ‘ಖಾಲಿ ಖಾಲಿ’ ಅಂದಿದ್ದರೆ ಅವರು ಆಗ ಹೇಳಿದ್ದು ನಿಜ. ಇವತ್ತಿಗೆ ಆ ಮಾತು ನಂಬಿ ಹೋಗಬೇಡಿ.

ನಿಮಗೆ ನಾನು ಹೇಳುವ ರಸ್ತೆ ದಿವಾರ್ ದ್ವೀಪದ್ದು. ಕೊಂಕಣಿಯಲ್ಲಿ ದಿವಾಡಿ. ಪಣಜಿಯಿಂದ ಬಹಳ ದೂರವಿಲ್ಲ. ಸುತ್ತಲೂ ಮಾಂಡವಿ ಮತ್ತು ಅದರ ಕವಲುಗಳು, ಗಾಡಿ ದಾಟುವ ಸೇತುವೆ ಇಲ್ಲ. ರಾಯಬಂದರ್‌ನಿಂದಲೋ ಹಳೇ ಗೋವಾದಿಂದಲೋ ಫೆರಿ ಹತ್ತಬೇಕು. ನೀವು ಸಿಗಂದೂರಿಗೆ ಲಾಂಚ್‌ನಲ್ಲಿ ಹೋದವರಾದರೆ ನಿಮಗೆ ತಟ್ಟನೆ ಅರ್ಥ ಆಗುತ್ತದೆ. ಒಂದು ಸಲಕ್ಕೆ ಇಷ್ಟೇ ಗಾಡಿ ಅಂತ ನದಿಯೇ ತೀರ್ಮಾನ ಮಾಡುತ್ತದೆ. ಫೆರಿ ಬಂದಾಗ ಒಂದಷ್ಟು ಸ್ಕೂಟರು, ನಾಲ್ಕಾರು ಕಾರು ಒಟ್ಟಿಗೆ ಇಳಿಯುತ್ತವೆ, ಎರಡು ನಿಮಿಷದಲ್ಲಿ ಚದುರುತ್ತವೆ. ಆಮೇಲೆ ಮುಂದಿನ ಫೆರಿ ಬರುವ ತನಕ ರಸ್ತೆ ನಿಮ್ಮದು. ಅದಕ್ಕೇ ಫೆರಿಯಿಂದ ಎಲ್ಲರೂ ಇಳಿದು ಹೋಗಲಿ ಅಂತ ಬಿಟ್ಟು ನೀವು ಕೊನೆಯಲ್ಲಿ ಹೊರಡಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಜೆಟ್ಟಿಯಿಂದ ಊರೊಳಗೆ ಹೋಗುವ ರಸ್ತೆ ಗದ್ದೆಗಳ ನಡುವೆ ನೇರವಾಗಿದೆ. ಎರಡೂ ಕಡೆ ನೀರು, ಕಾಂಡ್ಲಾ, ಬೆಳ್ಳಕ್ಕಿ. ಬೆಳಗ್ಗೆ ಏಳಕ್ಕೆ ಹೋದರೆ ತೂಬಿನ ಬಾಯಲ್ಲಿ ಒಬ್ಬರೋ ಇಬ್ಬರೋ ಬಲೆ ಇಟ್ಟು ಕೂತಿರುತ್ತಾರೆ. ಸದ್ದು ಅಂದರೆ ನಿಮ್ಮ ಚೈನಿನದ್ದು, ನೀರಿನದ್ದು. ಮುಂದೆ ಪಿಯೆದಾದೆ ಊರು ಗುಡ್ಡದ ಮೇಲಿದೆ. ಅಲ್ಲಿ ಒಂದು ಸಣ್ಣ ಏರು. ಹಗುರ ಗೇರಿಗೆ ಮೊದಲೇ ಬದಲಿಸಿಕೊಳ್ಳಿ, ಸಾಕಾದರೆ ಇಳಿದು ತಳ್ಳಿ. ಮೇಲೆ ಚರ್ಚಿನ ಎದುರು ನಿಂತರೆ ನದಿ ಎರಡು ಕಡೆಗೂ ಕಾಣುತ್ತದೆ. ಅಲ್ಲಿಂದ ಮಾಲಾರ್ ಕಡೆ ಇಳಿದು ಮತ್ತೆ ಜೆಟ್ಟಿಗೆ. ಸುತ್ತಾಟ ಸೇರಿ ಹದಿನೈದು ಕಿ.ಮೀ. ಆಸುಪಾಸು. ನಿಮ್ಮ ವೇಗಕ್ಕೆ ಒಂದೂವರೆ ಗಂಟೆ.

ಇನ್ನೂ ಹೋಗಬೇಕು ಅನ್ನಿಸಿದ ದಿನ ದ್ವೀಪದ ಆ ತುದಿಯ ನಾರ್ವೆ ಫೆರಿ ಹತ್ತಿ ದಾಟಿ. ಆಚೆ ಸಪ್ತಕೋಟೇಶ್ವರ ದೇವಸ್ಥಾನ. ಇದು ಗೋವಾ ಕದಂಬರ ಮನೆದೇವರು. ಅವರ ನಾಣ್ಯದ ಮೇಲೂ ಸಪ್ತಕೋಟೇಶ್ವರನ ಹೆಸರಿದೆ. ಮೂಲ ಗುಡಿ ದಿವಾರ್‌ನಲ್ಲೇ ಇತ್ತು. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಕೆಡವಿದರು, ಭಕ್ತರು ಲಿಂಗವನ್ನು ನದಿ ದಾಟಿಸಿ ಉಳಿಸಿಕೊಂಡರು. 1668ರಲ್ಲಿ ಶಿವಾಜಿ ಮಹಾರಾಜರು ನಾರ್ವೆಯಲ್ಲಿ ಗುಡಿ ಕಟ್ಟಿಸಿದರು. ಹಲಸಿಯ ಕಡೆ ಹೋದವರಿಗೆ, ಕದಂಬರ ಹೆಸರು ಕೇಳಿ ಬೆಳೆದ ನಮಗೆ, ಇಲ್ಲಿ ಸೈಕಲ್ ಒರಗಿಸಿ ಕೂತಾಗ ಪರಊರಿನಲ್ಲಿದ್ದೇವೆ ಅನ್ನಿಸುವುದಿಲ್ಲ. ಆದರೆ ದೇವಸ್ಥಾನದಿಂದಲೇ ವಾಪಸ್ ತಿರುಗಿ. ಅಲ್ಲಿಂದ ಮುಂದೆ ಬಿಚೋಲಿ ಕಡೆ ಹೋದ ಹಾಗೆ ಗಾಡಿಗಳು ಜಾಸ್ತಿ.

ಪಕ್ಕದ ಚೊಡಣ್ ದ್ವೀಪವನ್ನೂ ಜನ ಹೇಳುತ್ತಾರೆ. ಸಲೀಂ ಅಲಿ ಪಕ್ಷಿಧಾಮ ಅಲ್ಲೇ ಇದೆ, ಫೆರಿ ಇಳಿದ ಕೂಡಲೇ. ಚೆಂದದ ಜಾಗ. ಆದರೆ ಅದು ಇನ್ನೊಂದು ಬದಿಯಲ್ಲಿ ಮಯೆ ಕಡೆಗೆ ರಸ್ತೆಯಿಂದ ಸೇರಿಕೊಂಡಿದೆ. ಪಣಜಿಗೆ ಕೆಲಸಕ್ಕೆ ಬರುವವರು ಅದೇ ದಾರಿಯಲ್ಲಿ ಫೆರಿಗೆ ಓಡುತ್ತಾರೆ. ಬೆಳಗ್ಗೆ ಎಂಟರಿಂದ ಒಂಬತ್ತೂವರೆ ಬೇಡವೇ ಬೇಡ. ನೋಡಿ, ಎರಡು ದ್ವೀಪ, ಒಂದೇ ನದಿ. ಹಾದುಹೋಗಲು ದಾರಿ ಇದ್ದದ್ದಕ್ಕೇ ಇಷ್ಟು ವ್ಯತ್ಯಾಸ.

ಇಲ್ಲಿ ಒಂದು ಮಾತು ಹೇಳಲೇಬೇಕು. ದಿವಾರ್‌ನ ಶಾಂತಿಗೆ ಬೆಲೆ ಕೊಡುತ್ತಿರುವವರು ಅಲ್ಲಿಯ ಜನ. ರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಫೆರಿಗೆ ಕಾಯಬೇಕು. ಸಿಗಂದೂರಿನ ಆ ದಡದವರು ಸೇತುವೆಗೆ ಎಷ್ಟು ವರ್ಷ ಕಾದರು ನಮಗೆ ಗೊತ್ತಲ್ಲ, 2025ರಲ್ಲಿ ಬಂತು. ‘ಇಲ್ಲಿ ಸೇತುವೆ ಬರಬಾರದು’ ಅಂತ ಫೆರಿಯಲ್ಲಿ ಜೋರಾಗಿ ಹೇಳುವ ಸೈಕಲ್ ಸವಾರರನ್ನು ನಾನು ನೋಡಿದ್ದೇನೆ. ಅದನ್ನು ತೀರ್ಮಾನಿಸಬೇಕಾದವರು ಪಕ್ಕದಲ್ಲೇ ಮೀನಿನ ಬುಟ್ಟಿ ಹಿಡಿದು ನಿಂತಿರುತ್ತಾರೆ. ನಾವು ಎರಡು ಗಂಟೆಯ ನೆಂಟರು.

ಸತ್ತರಿ ವಿಷಯಕ್ಕೆ ಬಂದರೆ, ನಿಮ್ಮ ಇಬ್ಬರು ಸ್ನೇಹಿತರೂ ಹೇಳಿದ್ದು ಸರಿ. ಅವರು ಹೇಳುತ್ತಿರುವುದು ಬೇರೆ ಬೇರೆ ತುಂಡುಗಳ ಬಗ್ಗೆ. ಮಾಂಡವಿ ಅಂದರೆ ನಮ್ಮ ಮಹಾದಾಯಿಯೇ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಇಳಿಯುತ್ತಾಳೆ. ಅಲ್ಲೇ ಹತ್ತಿರದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭಾ ಪೂರ್ವಕ್ಕೆ ನಿಮ್ಮೂರ ಕಡೆ ಹೋಗುತ್ತಾಳೆ. ವಾಳಪೈ ದಾಟಿ ಒಳಗೆ ಉಸ್ತೆ, ಸೋನಾಳ್ ಕಡೆಯ ಹಳ್ಳಿ ರಸ್ತೆಗಳು ಮನಸ್ಸು ಹಿಡಿದಿಡುವಂಥವು. ಮಳೆಗಾಲದಲ್ಲಿ ರಾಫ್ಟಿಂಗ್ ನಡೆಯುವ ಭಾಗ ಅದು. ಲಾರಿಗಳ ಗಲಾಟೆ ಇರುವುದು ಅದಕ್ಕೂ ಕೆಳಗೆ, ಉಸಗಾಂವ್ ಸುತ್ತಮುತ್ತ. ಪಣಜಿಯಿಂದ ಸೈಕಲ್ ತುಳಿದುಕೊಂಡು ಹೋದರೆ ಆ ಭಾಗ ದಾಟಲೇಬೇಕು. ಹಾಗಾಗಿ ಹೋಗುವುದಾದರೆ ಸೈಕಲ್ ಕಾರಿನಲ್ಲಿ ಹಾಕಿಕೊಂಡು ವಾಳಪೈ ತನಕ ಹೋಗಿ. ಅಲ್ಲಿ ಅಂಗಡಿ ಕಮ್ಮಿ, ಮೊಬೈಲ್ ಸಿಗ್ನಲ್ ಹೋಗಿಬಂದು ಮಾಡುತ್ತದೆ, ಮ್ಹಾದೆಯಿ ಅಭಯಾರಣ್ಯ ಪಕ್ಕದಲ್ಲೇ. ಮಬ್ಬಿನಲ್ಲಿ ಕಾಡುಕೋಣ ರಸ್ತೆಗೆ ಬರುತ್ತವೆ. ಬಿಸಿಲು ಬಿದ್ದ ಮೇಲೆ ಹೊರಡಿ, ನಾಲ್ಕು ಗಂಟೆಯೊಳಗೆ ಮುಗಿಸಿ. ಒಬ್ಬರೇ ಬೇಡ. ಇದನ್ನು ಹೆಂಗಸು ಅಂತ ಹೇಳುತ್ತಿಲ್ಲ, ನಾನೂ ಅಲ್ಲಿಗೆ ಒಬ್ಬನೇ ಹೋಗುವುದಿಲ್ಲ.

ಈಗ ನಿಮ್ಮ ಎರಡನೇ ಹೆದರಿಕೆ. ಗಾಡಿ ಇಲ್ಲ ಅಂದರೆ ಅಪಾಯ ಇಲ್ಲ ಅನ್ನುವುದು ತಪ್ಪು. ಖಾಲಿ ರಸ್ತೆಯಲ್ಲಿ ಬಿದ್ದರೆ ಎತ್ತುವವರು ತಡವಾಗಿ ಬರುತ್ತಾರೆ. ನನ್ನ ಜೊತೆ ಬಂದವರಿಗೆ ಆದ ಗಾಯಗಳಲ್ಲಿ ಜಾಸ್ತಿ ಪಾಲು ಗಾಡಿ ಬಡಿದು ಆದದ್ದಲ್ಲ, ತಾವೇ ಜಾರಿ ಬಿದ್ದದ್ದು. ನನ್ನದೇ ಹೇಳುತ್ತೇನೆ. ಇಳಿತದ ಹೊತ್ತು, ಫೆರಿ ಇಳಿಜಾರಿನ ಕಾಂಕ್ರೀಟ್ ಮೇಲೆ ಹಸಿರು ಪಾಚಿ. ಸೈಕಲ್ ಹತ್ತಿಯೇ ಇಳಿದೆ. ಮುಂದಿನ ಚಕ್ರ ಸೋಪಿನ ಮೇಲೆ ಹೋದ ಹಾಗೆ ಹೋಯಿತು. ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಅವತ್ತಿನಿಂದ ಜೆಟ್ಟಿಯಲ್ಲಿ ಯಾರೂ ಸೈಕಲ್ ಮೇಲೆ ಇರಬಾರದು ಅನ್ನುವುದು ನಮ್ಮ ಗುಂಪಿನ ನಿಯಮ. ಉಬ್ಬರ ಇದ್ದಾಗ ಆ ಪಾಚಿ ನೀರಿನ ಕೆಳಗಿರುತ್ತದೆ, ಇಳಿತದಲ್ಲಿ ಬಯಲಾಗುತ್ತದೆ. ಶೂ ಕೆಳಗೆ ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇದ್ದರಂತೂ ಇನ್ನೂ ಹುಷಾರು.

ತಿರುವುಗಳಲ್ಲಿ ಜಂಬಿಟ್ಟಿಗೆ ಮಣ್ಣಿನ ಸಣ್ಣ ಕಲ್ಲು ಮಳೆಗೆ ಕೊಚ್ಚಿಕೊಂಡು ಬಂದು ಡಾಂಬರಿನ ಮೇಲೆ ಕೂತಿರುತ್ತದೆ. ತಿರುವಿನ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟಬೇಡಿ. ನಿಮ್ಮ ರೋಡ್ ಬೈಕಿನಲ್ಲಿ 23 ಅಥವಾ 25 ಮಿ.ಮೀ. ಟೈರ್ ಇದ್ದರೆ, ಫ್ರೇಮಿನಲ್ಲಿ ಜಾಗ ನೋಡಿ 28 ಅಥವಾ 32ಕ್ಕೆ ಬದಲಿಸಿ. ತೆಳ್ಳಗಿನ ಟೈರ್ ವೇಗ ಜಾಸ್ತಿ ಅನ್ನುವುದು ಹಳೇ ನಂಬಿಕೆ. ಹಳ್ಳಿಯ ಒರಟು ಡಾಂಬರಿನಲ್ಲಿ ಗಟ್ಟಿ ತೆಳು ಟೈರ್ ಕುಪ್ಪಳಿಸುತ್ತದೆ, ಆ ಕುಪ್ಪಳಿಕೆಯಲ್ಲಿ ನಿಮ್ಮ ಶಕ್ತಿ ಸುಮ್ನೆ ಪೋಲಾಗುತ್ತದೆ. 32 ಮಿ.ಮೀ. ಟೈರಿಗೆ 50ರಿಂದ 60 ಪಿಎಸ್‌ಐ ಗಾಳಿ ಸಾಕು.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಇಳಿಯಿರಿ. ಸೈಕಲನ್ನು ನಾಯಿ ಮತ್ತು ನಿಮ್ಮ ನಡುವೆ ಇಟ್ಟುಕೊಂಡು ನಿಧಾನ ನಡೆಯಿರಿ. ಓಡುವ ಚಕ್ರ ನಿಂತ ಕೂಡಲೇ ಬಹಳಷ್ಟು ನಾಯಿಗಳಿಗೆ ಆಸಕ್ತಿ ಹೋಗುತ್ತದೆ. ಪರಚಿದರೂ ಕಚ್ಚಿದರೂ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಒಬ್ಬರೇ ಹೋಗುವ ಬಗ್ಗೆ ನನ್ನ ಅಭಿಪ್ರಾಯ ಇದು. ಮೊದಲ ಮೂರು ಸಲ ಯಾರನ್ನಾದರೂ ಕರೆದುಕೊಂಡು ಹೋಗಿ. ಮೈದುನ ಬರಲಿ, ಎಡಗಡೆ ಹೊಡೆಯುವುದಾದರೆ. ಅದೇ ರಸ್ತೆ, ಅದೇ ಹೊತ್ತು. ಅದೇ ಅಂಗಡಿಯಲ್ಲಿ ನಿಂತು ಚಹಾ ಕುಡಿಯಿರಿ, ಬ್ರೆಡ್ ಮಾರುವ ಪೊದೇರ್ ಸೈಕಲ್‌ನಲ್ಲಿ ಬಂದರೆ ಎರಡು ಪಾವ್ ತಗೊಳ್ಳಿ, ಕೊಂಕಣಿಯಲ್ಲಿ ‘ದೇವ್ ಬರೆಂ ಕರೂಂ’ ಅಂತ ಥ್ಯಾಂಕ್ಸ್ ಹೇಳಿ. ನಾಲ್ಕನೇ ಸಲ ಹೋಗುವಾಗ ನೀವು ಅವರಿಗೆ ‘ಆ ಸೈಕಲ್ ಬಾಯಿ’ ಆಗಿರುತ್ತೀರಿ. ನನ್ನ ಗುಂಪಿನ ಹೆಂಗಸರಲ್ಲಿ ಈಗ ಒಬ್ಬರೇ ಹೋಗುವವರೆಲ್ಲ ಹೀಗೇ ಶುರುಮಾಡಿದವರು. ಫೋನಿನಲ್ಲಿ ಲೊಕೇಶನ್ ಮನೆಯವರಿಗೆ ಕಳಿಸಿಡಿ. ಪಂಕ್ಚರ್ ಹಾಕಲು ಕಲಿಯಿರಿ. ನಿಂತ ಸೈಕಲ್ ಪಕ್ಕ ಅಸಹಾಯಕರಾಗಿ ನಿಲ್ಲುವ ಆ ಅರ್ಧ ಗಂಟೆಯೇ ಎಲ್ಲದಕ್ಕಿಂತ ಹೆದರಿಸುವುದು. ಒಂದು ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಒಂದು ಕೈಪಂಪ್ ಇಟ್ಟುಕೊಂಡು ಮನೆಯಲ್ಲಿ ಐದು ಸಲ ಬಿಚ್ಚಿ ಹಾಕಿ. ಏನಾದರೂ ಆದರೆ ಪೊಲೀಸಿಗೆ 112, ಆಂಬುಲೆನ್ಸಿಗೆ 108.

ಯಾವಾಗ ಹೋಗಬೇಕು? ಭಾನುವಾರ ನಸುಕಿನಲ್ಲೇ ಹೋದರೆ ಸೇಫ್ ಅಂತ ಎಲ್ಲರೂ ಹೇಳುತ್ತಾರೆ. ಗೋವಾದಲ್ಲಿ ನಾನು ಹಾಗೆ ಹೇಳುವುದಿಲ್ಲ. ಶನಿವಾರ ರಾತ್ರಿಯ ಪಾರ್ಟಿ ಮುಗಿಸಿ ನಿದ್ದೆಗಣ್ಣಲ್ಲಿ ಕಾರು ಓಡಿಸುವವರು ರಸ್ತೆಯಲ್ಲಿರುವ ಹೊತ್ತು ಅದು. ಪಣಜಿಯಿಂದ ರಾಯಬಂದರ್‌ಗೆ ಹೋಗುವ ಹಳೇ ಕಟ್ಟೆಯ ರಸ್ತೆ, 1630ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿದ್ದು, ಸುಮಾರು ಮೂರು ಕಿ.ಮೀ. ಕಿರಿದಾಗಿದೆ. ನಿಮಗೆ ಗಾಡಿ ಸಿಗುವುದು ಅಲ್ಲಿಯೇ. ಬೆಳಕು ಹರಿದ ಮೇಲೆ, ಆರೂವರೆ ಸುಮಾರಿಗೆ ಹೊರಡಿ, ಹಿಂದಿನ ದೀಪ ಹಗಲಲ್ಲೂ ಮಿನುಗುತ್ತಿರಲಿ. ಆ ತುಂಡೇ ಭಯ ಅನ್ನಿಸಿದರೆ ಸೈಕಲನ್ನು ಕಾರಿನಲ್ಲಿ ಜೆಟ್ಟಿ ತನಕ ತನ್ನಿ, ಅದರಲ್ಲಿ ಸಂಕೋಚ ಏನೂ ಬೇಡ. ಬ್ಯಾಂಕಿಗೆ ರಜೆ ಇರುವ ಎರಡನೇ, ನಾಲ್ಕನೇ ಶನಿವಾರ ನಿಮಗೆ ಸರಿಹೋಗುತ್ತದೆ. ಆಗಸ್ಟ್‌ನ ನಾಲ್ಕನೇ ಶನಿವಾರ ಮಾತ್ರ ಬೇಡ. ಅವತ್ತು ದಿವಾರ್‌ನಲ್ಲಿ ಬೊಂಡೆರಾಂ ಹಬ್ಬ, ಕಾಲಿಡಲು ಜಾಗ ಇರುವುದಿಲ್ಲ. ಹಾಗೆಯೇ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಹಳೇ ಗೋವಾ ಜೆಟ್ಟಿ ಕಡೆ ಹೋಗಬೇಡಿ, ರಾಯಬಂದರ್‌ನಿಂದ ದಾಟಿ.

ನಾನಾಗಿದ್ದರೆ ಅಕ್ಟೋಬರ್ ಕೊನೆಗೆ ಶುರುಮಾಡುತ್ತಿದ್ದೆ. ಮಳೆ ನಿಂತಿರುತ್ತದೆ, ಗದ್ದೆಗಳಲ್ಲಿ ಕೊಯ್ಲಿನ ಹೊತ್ತು, ರಸ್ತೆಯ ಅಂಚಿನಲ್ಲಿ ಭತ್ತ ಒಣಹಾಕಿರುತ್ತಾರೆ. ಅದರ ಮೇಲೆ ಚಕ್ರ ಹಾಯಿಸದೆ ಇಳಿದು ಸುತ್ತು ಹಾಕಿ ಹೋಗಿ. ಮನೆಗೆ ಬಂದ ಮೇಲೆ ಚೈನು, ಬ್ರೇಕು, ಸ್ಕ್ರೂಗಳ ಮೇಲೆ ಒಂದು ಚೊಂಬು ಸಿಹಿನೀರು ಹುಯ್ದು, ಒರೆಸಿ, ಎರಡು ಹನಿ ಎಣ್ಣೆ ಬಿಡಿ. ಫೆರಿಯ ಉಪ್ಪುಗಾಳಿಗೆ ಚೈನು ಒಂದೇ ವಾರದಲ್ಲಿ ಕೆಂಪಗಾಗುತ್ತದೆ.